ಉಪ್ಪನ ಪೆಟ್ಟಿಯಲ್ಲಿ ತಂಗಿಯ ಕಂಪ್ಯೂಟರ್

ಗಲ್ಫಿನಲ್ಲಿ ದುಡಿದು ಬಂದವರ ಮನೆಗಳಲ್ಲಿ ಒಂದು ಹಳೆಯ ಬ್ರೀಫ್‌ಕೇಸ್ ಸಿಗುವುದು ಅಪರೂಪವೇನಲ್ಲ. ಅಟ್ಟದಲ್ಲೋ, ಕಪಾಟಿನ ಮೇಲೋ, ಮಂಚದ ಅಡಿಯಲ್ಲೋ ಅದು ಇರುತ್ತದೆ. ಒಳಗೆ ಅವಧಿ ಮುಗಿದ ಪಾಸ್‌ಪೋರ್ಟ್, ಬ್ಯಾಂಕಿನ ರಶೀದಿ, ಜಾಗದ ರೆಕಾರ್ಡು, ಕೆಲವು ಮನೆಗಳಲ್ಲಿ ಎರಡು ಮೂರು ಕ್ಯಾಸೆಟ್ ಕೂಡಾ. ಫೋನ್ ದುಬಾರಿಯಾಗಿದ್ದ ಕಾಲದಲ್ಲಿ ಮನೆಯವರೆಲ್ಲ ಕೂತು ಮಾತಾಡಿ, ಕ್ಯಾಸೆಟ್‌ನಲ್ಲಿ ತುಂಬಿಸಿ, ಆ ಕಡೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು.

ನಮ್ಮ ಮನೆಯಲ್ಲೂ ಅಂಥದೊಂದು ಕಪ್ಪು ಬ್ರೀಫ್‌ಕೇಸ್ ಉಂಟು. ಉಮ್ಮನ ಬಾಯಲ್ಲಿ ಅದು ‘ಪೆಟ್ಟಿ’. ಉಪ್ಪ ಮೊದಲ ಸಲ ಬಸ್ಸಿನಲ್ಲಿ ಬಾಂಬೆಗೆ ಹೋಗಿ ಅಲ್ಲಿಂದ ವಿಮಾನ ಹತ್ತಿದಾಗ ಕೈಯಲ್ಲಿ ಇದ್ದದ್ದು ಅದೇ. ಇಪ್ಪತ್ತೆರಡು ವರ್ಷ ಅದು ಅವರ ಜೊತೆ ಹೋಗಿ ಬಂತು. ಉಪ್ಪ ತೀರಿಹೋದ ಮೇಲೆ ನಾಲ್ಕು ವರ್ಷ ಕಪಾಟಿನ ಮೇಲೆಯೇ ಇತ್ತು. ತಿಂಗಳಿಗೊಮ್ಮೆ ಉಮ್ಮ ಕೆಳಗಿಳಿಸಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಮೇಲಿಡುವುದು. ನಮಗೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಆ ಪೆಟ್ಟಿ ಈಗ ಬೆಂಗಳೂರಿನಲ್ಲಿದೆ. ಅದರೊಳಗೆ ಒಂದು ಪೂರ್ತಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಅದನ್ನು ಕಟ್ಟಿದ್ದು ನಾವು. ನಾವು ಅಂದರೆ ಇಬ್ಬರು ಅಣ್ಣ ತಮ್ಮಂದಿರು. ಒಬ್ಬರಿಗೆ ಕಂಪ್ಯೂಟರ್ ರಿಪೇರಿ ಕೆಲಸ, ಇನ್ನೊಬ್ಬರಿಗೆ ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ಕೆಲಸ. ಯಾಕೆ ಕಟ್ಟಿದೆವು, ಹೇಗೆ ಕಟ್ಟಿದೆವು, ಎಲ್ಲಿ ಎಡವಿದೆವು ಎಂಬುದನ್ನು ಓದುಗರ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

ಕಾರಣ ಒಂದು ಸತ್ತ ಲ್ಯಾಪ್‌ಟಾಪ್

ನಮ್ಮ ತಂಗಿ ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಪಿ.ಜಿ.ಯಲ್ಲಿ ಇರುವುದು. ಕಾಲೇಜಿಗೆ ಸೇರುವಾಗ ತೆಳ್ಳಗಿನ ಒಂದು ಲ್ಯಾಪ್‌ಟಾಪ್ ತೆಗೆದುಕೊಟ್ಟಿದ್ದೆವು. ಎರಡನೇ ವರ್ಷದ ಮಳೆಗಾಲದಲ್ಲಿ ಬ್ಯಾಗಿನೊಳಗೆ ನೀರು ಹೋಗಿ ಅದು ಕೈಕೊಟ್ಟಿತು. ಸರ್ವಿಸ್‌ಗೆ ಕೊಟ್ಟರೆ ‘ಬೋರ್ಡ್ ಹೋಗಿದೆ, ಬೋರ್ಡ್ ಬದಲಿಸುವ ಖರ್ಚಿಗೆ ಇನ್ನೂ ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತದೆ’ ಅಂದರು.

ದುಡ್ಡಿಗಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಆ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಮತ್ತು ಸ್ಟೋರೇಜ್ ಎರಡನ್ನೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದರು. ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಫೈಲ್ ಉಳಿಸಿಕೊಳ್ಳಬಹುದಿತ್ತು. ಇಲ್ಲಿ ತೆಗೆಯಲು ಏನೂ ಇರಲಿಲ್ಲ. ಒಂದು ಸೆಮಿಸ್ಟರ್ ಪೂರ್ತಿ ಕೂತು ಬಿಡಿಸಿದ ಡ್ರಾಯಿಂಗ್‌ಗಳು ಬೋರ್ಡಿನ ಜೊತೆಗೇ ಹೋದವು. ಫೋನಿನಲ್ಲಿ ಅವಳು ಅತ್ತದ್ದು ನಮಗೆ ಈಗಲೂ ಕಿವಿಯಲ್ಲಿದೆ.

“ಕಾಕಾ, ಇನ್ನು ನನಗೆ ಬಿಚ್ಚಲಿಕ್ಕೆ ಆಗುವಂಥದ್ದು ಬೇಕು” ಅಂದಳು.

ಡೆಸ್ಕ್‌ಟಾಪ್ ಆದರೆ ಬಿಚ್ಚಬಹುದು. ಆದರೆ ಪಿ.ಜಿ.ಯ ಅರ್ಧ ಟೇಬಲ್‌ನಲ್ಲಿ ಅದನ್ನು ಇಡುವುದೆಲ್ಲಿ? ರಜೆಯಲ್ಲಿ ಊರಿಗೆ ಬರುವಾಗ ಹೊತ್ತು ತರುವುದು ಹೇಗೆ? ಆಗ ನಮಗೆ ಬಂದ ಯೋಚನೆ, ಡೆಸ್ಕ್‌ಟಾಪನ್ನೇ ಒಂದು ಪೆಟ್ಟಿಗೆಯೊಳಗೆ ಕೂರಿಸಿದರೆ ಹೇಗೆ ಎಂದು.

ಇದು ಹೊಸ ಯೋಚನೆ ಅಲ್ಲ

ಲ್ಯಾಪ್‌ಟಾಪ್ ಎಲ್ಲರ ಕೈಗೆ ಬರುವ ಮೊದಲು ಹೊತ್ತೊಯ್ಯುವ ಕಂಪ್ಯೂಟರ್ ಅಂದರೆ ಪೆಟ್ಟಿಗೆ ಕಂಪ್ಯೂಟರೇ. 1981ರಲ್ಲಿ ಅಮೆರಿಕದಲ್ಲಿ ‘ಆಸ್ಬೋರ್ನ್ 1’ ಎಂಬ ಯಂತ್ರ ಬಂತು. ತೂಕ ಸುಮಾರು 11 ಕಿಲೋ, ಪರದೆ ಬರೇ 5 ಇಂಚು, ಮೆಮೊರಿ 64 ಕಿಲೋಬೈಟ್, ಬೆಲೆ 1,795 ಡಾಲರ್. ಮುಚ್ಚಳ ಹಾಕಿದರೆ ಹೊಲಿಗೆ ಯಂತ್ರದ ಪೆಟ್ಟಿಗೆಯ ಹಾಗೆ ಕಾಣುತ್ತಿತ್ತು. ವಿಮಾನದ ಸೀಟಿನ ಅಡಿಯಲ್ಲಿ ಹಿಡಿಯಬೇಕು ಎಂಬ ಲೆಕ್ಕದಲ್ಲಿ ಮಾಡಿದ್ದು. ವಿನ್ಯಾಸ ಲೀ ಫೆಲ್ಸೆನ್‌ಸ್ಟೈನ್ ಅವರದು. ಮಾಡಿಸಿದ ಆ್ಯಡಮ್ ಆಸ್ಬೋರ್ನ್ ಹುಟ್ಟಿದ್ದು ಬ್ಯಾಂಕಾಕಿನಲ್ಲಿ, ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಅವರ ಕಂಪೆನಿ ಎರಡೇ ವರ್ಷದಲ್ಲಿ ದಿವಾಳಿಯಾಯಿತು. ಕೊನೆಯ ದಿನಗಳಲ್ಲಿ ತಮಿಳುನಾಡಿಗೇ ಮರಳಿ, 2003ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡರು.

1982ರ ಕೊನೆಗೆ ಕಾಂಪ್ಯಾಕ್ ಕಂಪೆನಿ ಪ್ರಕಟಿಸಿದ ‘ಕಾಂಪ್ಯಾಕ್ ಪೋರ್ಟಬಲ್’ ಇನ್ನೂ ಭಾರ, ಹನ್ನೆರಡೂವರೆ ಕಿಲೋ ದಾಟುತ್ತಿತ್ತು. ಅದರಲ್ಲೂ ಬ್ಯಾಟರಿ ಇಲ್ಲ, ಹೋದಲ್ಲಿ ಪ್ಲಗ್ ಹುಡುಕಬೇಕು. ಆದರೂ ಜನ ಹೊತ್ತರು.

ಇವತ್ತು ನಮ್ಮಂಥವರಿಗೆ ಇದು ಸುಲಭವಾಗಿರುವುದಕ್ಕೆ ಕಾರಣ ‘ಮಿನಿ ಐಟಿಎಕ್ಸ್’ ಎಂಬ ಪುಟ್ಟ ಮದರ್‌ಬೋರ್ಡ್. 2001ರಲ್ಲಿ ವಿಯಾ ಕಂಪೆನಿ ಈ ಅಳತೆಯನ್ನು ತಂದಿತು. ಉದ್ದ 17 ಸೆಂಟಿಮೀಟರ್, ಅಗಲ 17 ಸೆಂಟಿಮೀಟರ್. ಒಂದು ಊಟದ ತಟ್ಟೆಗಿಂತ ಸಣ್ಣದು, ಆದರೆ ದೊಡ್ಡ ಡೆಸ್ಕ್‌ಟಾಪಿನ ಪ್ರೊಸೆಸರನ್ನೇ ಕೂರಿಸಬಹುದು.

ಉಮ್ಮನ ಒಪ್ಪಿಗೆ

ಮೊದಲು ಪೇಟೆಯಲ್ಲಿ ಬೇರೆ ಪೆಟ್ಟಿಗೆ ಹುಡುಕಿದೆವು. ಡ್ರಿಲ್ ಯಂತ್ರದ ಪ್ಲಾಸ್ಟಿಕ್ ಪೆಟ್ಟಿಗೆ ನೋಡಿದೆವು, ಒಳಗೆಲ್ಲ ಅಚ್ಚು ಹೊಡೆದ ಗುಳಿಗಳು. ಟ್ರಾಲಿ ಬ್ಯಾಗ್ ಬಟ್ಟೆಯದ್ದು, ಸ್ಕ್ರೂ ಹಿಡಿಯುವುದಿಲ್ಲ. ಬೇಕಿದ್ದದ್ದು ಗಟ್ಟಿ ಗೋಡೆ, ಚಪ್ಪಟೆ ತಳ, ಮುಚ್ಚಳ ತೆರೆದರೆ ನೆಟ್ಟಗೆ ನಿಲ್ಲುವಂಥದ್ದು. ಅಂಥದ್ದು ಕಪಾಟಿನ ಮೇಲೆಯೇ ಇತ್ತು. ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಕೊನೆಗೆ ತಂಗಿಯೇ ಕೇಳಿದಳು. ಉಮ್ಮ ಏನೂ ಹೇಳದೆ ಎದ್ದು ಅಡುಗೆ ಮನೆಗೆ ಹೋದರು. ಎರಡು ದಿನ ಆ ವಿಷಯ ಯಾರೂ ಎತ್ತಲಿಲ್ಲ. ಮೂರನೇ ದಿನ ಬೆಳಗ್ಗೆ ನೋಡಿದರೆ ಪೆಟ್ಟಿ ಚಾವಡಿಯ ಮೇಜಿನ ಮೇಲಿದೆ, ಒಳಗಿದ್ದ ಕಾಗದ, ಕ್ಯಾಸೆಟ್ ಎಲ್ಲ ಬಿಸ್ಕೆಟ್ ಡಬ್ಬಕ್ಕೆ ಹೋಗಿದೆ.

“ತೂತು ಎಷ್ಟು ಬೇಕೋ ಅಷ್ಟೇ ಮಾಡಿ. ಹಿಡಿ ಮುಟ್ಟಬೇಡಿ ಮಕ್ಕಳೇ” ಅಂದರು.

ಹಿಡಿಯಲ್ಲಿ ಉಪ್ಪನ ಕೈಯ ಸವೆತ ಇದೆ. ಅದನ್ನು ನಾವು ಮುಟ್ಟಲಿಲ್ಲ.

ಅಳತೆಯೇ ಅರ್ಧ ಕೆಲಸ

ಪೆಟ್ಟಿಯ ಒಳ ಅಳತೆ 42 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ತಳದ ಆಳ 68 ಮಿಲಿಮೀಟರ್, ಮುಚ್ಚಳದ ಆಳ 30 ಮಿಲಿಮೀಟರ್. ಇದನ್ನು ಒಂದು ರಟ್ಟಿನ ಮೇಲೆ ಗೀಚಿ, ಪ್ರತಿಯೊಂದು ಭಾಗವನ್ನೂ ರಟ್ಟಿನಲ್ಲೇ ಕತ್ತರಿಸಿ ಇಟ್ಟು ನೋಡಿದೆವು. ಹಿಂದಿನ 17 ಸೆಂಟಿಮೀಟರ್ ಮದರ್‌ಬೋರ್ಡಿಗೆ. ಮುಂದೆ ಉಳಿಯುವ 13 ಸೆಂಟಿಮೀಟರ್ ಪಟ್ಟಿಯಲ್ಲಿ ಸಣ್ಣ ಕೀಬೋರ್ಡ್, ಅದರ ಪಕ್ಕ ಮೌಸ್. ಬೋರ್ಡಿನ ಬಲಕ್ಕೆ ಉಳಿದ ಜಾಗದಲ್ಲಿ ಪ್ರಯಾಣದ ವೇಳೆ ಅಡಾಪ್ಟರ್. ಎಲ್ಲಾ ಸರಿ ಕೂತಿತು.

ಹೀಗೆ ಲೆಕ್ಕ ಹಾಕಿಯೂ ನಾವು ಎಡವಿದ್ದು ಎತ್ತರದಲ್ಲಿ. ಪ್ರೊಸೆಸರ್ ಜೊತೆ ಬರುವ ಕೂಲರಿನ ಎತ್ತರ 54 ಮಿಲಿಮೀಟರ್. ಆಳ 68 ಇದೆ, ಮತ್ತೆಂಥ ಚಿಂತೆ ಅಂದುಕೊಂಡೆವು. ಆದರೆ ಆ 54 ಎಂಬುದು ಪ್ರೊಸೆಸರಿನ ತಲೆಯಿಂದ ಮೇಲಕ್ಕೆ. ಬೋರ್ಡನ್ನು ತಳದಿಂದ ಎತ್ತಿ ಹಿಡಿಯುವ ಹಿತ್ತಾಳೆ ಕಾಲುಗಳು ಆರೂವರೆ ಮಿಲಿಮೀಟರ್, ಬೋರ್ಡಿನ ದಪ್ಪ ಒಂದೂವರೆ, ಸಾಕೆಟ್ ಮತ್ತು ಪ್ರೊಸೆಸರ್ ಸೇರಿ ಸುಮಾರು 8. ಒಟ್ಟು 70 ಆಯಿತು. ಬರೇ ಎರಡು ಮಿಲಿಮೀಟರಿಗೆ ಸಿಕ್ಕಿಬಿದ್ದೆವು! ಗಾಳಿ ಆಡಲು ಜಾಗ ಬೇರೆ ಬೇಕಲ್ಲ. ಕೊನೆಗೆ 37 ಮಿಲಿಮೀಟರ್ ಎತ್ತರದ ಗಿಡ್ಡ ಕೂಲರ್ ತರಿಸಿದೆವು. ಮೇಲೆ ಒಂದೂವರೆ ಸೆಂಟಿಮೀಟರ್ ಗಾಳಿಗೆ ಉಳಿಯಿತು.

ಪ್ರೊಸೆಸರ್ ಎಎಂಡಿಯ ‘ರೈಝೆನ್ 5 5600ಜಿ’. ಇದರೊಳಗೇ ಗ್ರಾಫಿಕ್ಸ್ ಇರುವುದರಿಂದ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ದೊಡ್ಡ ಆಟ ಆಡುವವರಿಗೆ ಇದು ಸಾಲದು. ಸಿವಿಲ್ ಡ್ರಾಯಿಂಗ್, ಲೆಕ್ಕ, ಪ್ರಾಜೆಕ್ಟ್ ರಿಪೋರ್ಟಿಗೆ ಧಾರಾಳ. ರ‍್ಯಾಮ್ ಎರಡು ಕಡ್ಡಿ, ಸ್ಟೋರೇಜಿಗೆ ಬೋರ್ಡಿನ ಮೇಲೇ ಮಲಗುವ 8 ಸೆಂಟಿಮೀಟರ್ ಉದ್ದದ ಎಸ್‌ಎಸ್‌ಡಿ. ಒಂದೇ ಸ್ಕ್ರೂ ತೆಗೆದರೆ ಎಸ್‌ಎಸ್‌ಡಿ ಕೈಗೆ ಬರುತ್ತದೆ. ತಂಗಿ ಮೊದಲು ಕೇಳಿ ಖಾತ್ರಿ ಮಾಡಿಕೊಂಡದ್ದು ಇದನ್ನೇ.

ಹಳೆ ಲ್ಯಾಪ್‌ಟಾಪಿನ ಪರದೆಗೆ ಮರುಜೀವ

ಪರದೆಗೆ ನಾವು ದುಡ್ಡು ಹಾಕಲಿಲ್ಲ. ಸತ್ತ ಲ್ಯಾಪ್‌ಟಾಪಿನ ಹದಿನೈದೂವರೆ ಇಂಚಿನ ಪರದೆಗೆ ಏನೂ ಆಗಿರಲಿಲ್ಲ. ಅದನ್ನು ಬಿಚ್ಚಿದರೆ ಹಿಂಬದಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಆ ನಂಬರ್ ಕೊಟ್ಟರೆ ಅದಕ್ಕೆ ಹೊಂದುವ ಕಂಟ್ರೋಲರ್ ಬೋರ್ಡ್ ಸಿಗುತ್ತದೆ. ಅದಕ್ಕೆ ಎಚ್‌ಡಿಎಂಐ ಕೇಬಲ್ ಕೊಟ್ಟರೆ ಲ್ಯಾಪ್‌ಟಾಪಿನ ಪರದೆ ಮಾಮೂಲಿ ಮಾನಿಟರ್ ಆಗುತ್ತದೆ. ಅಂದಾಜಿನಲ್ಲಿ ಬೋರ್ಡ್ ತರಿಸಬಾರದು, ಪರದೆಯಿಂದ ಪರದೆಗೆ ಅದು ಬೇರೆ ಬೇರೆ.

ಆ ಲ್ಯಾಪ್‌ಟಾಪ್ ಬಿಚ್ಚುವಾಗ ಕಂಡದ್ದು, ಬ್ಯಾಟರಿ ದಿಂಬಿನ ಹಾಗೆ ಉಬ್ಬಿತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮನೆಯ ಕಸಕ್ಕೆ ಹಾಕಲೂಬಾರದು, ಬೆಂಕಿ ಹತ್ತಿಕೊಳ್ಳುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೇ ಕೊಡಬೇಕು. ಮನೆಯಲ್ಲಿ ಮೂಲೆಗೆ ಬಿದ್ದ ಲ್ಯಾಪ್‌ಟಾಪ್ ಇದ್ದವರು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಮೇಜಿನ ಮೇಲೆ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಉಂಟು.

ಪರದೆಯನ್ನು ಮುಚ್ಚಳದಲ್ಲಿ ಕೂರಿಸಿದ್ದು ಅಲ್ಯೂಮಿನಿಯಂ ಕಿಟಕಿಯ ತುಂಡುಗಳಲ್ಲಿ. ಕೆಲಸದಲ್ಲಿ ಉಳಿದ ಎಲ್ ಆ್ಯಂಗಲ್ ಕತ್ತರಿಸಿ ಚೌಕಟ್ಟು ಮಾಡಿದೆವು. ಮದರ್‌ಬೋರ್ಡಿನ ಅಡಿಗೆ ಎರಡು ಮಿಲಿಮೀಟರಿನ ಅಲ್ಯೂಮಿನಿಯಂ ಹಾಳೆ. ಲೋಹದ ಮೇಲೆ ಬೋರ್ಡನ್ನು ನೇರವಾಗಿ ಇಟ್ಟರೆ ಶಾರ್ಟ್ ಆಗಿ ಸುಟ್ಟುಹೋಗುತ್ತದೆ, ಹಿತ್ತಾಳೆ ಕಾಲುಗಳು ಬೇಕೇ ಬೇಕು.

ಪೆಟ್ಟಿ ಪ್ಲಾಸ್ಟಿಕ್‌ನದು. ಡ್ರಿಲ್ ಜೋರಾಗಿ ತಿರುಗಿಸಿದರೆ ಕರಗಿ ಅಂಟುತ್ತದೆ ಎಂಬುದು ಮೊದಲ ತೂತಿನಲ್ಲೇ ಗೊತ್ತಾಯಿತು. ಮೇಲೆ ಟೇಪ್ ಅಂಟಿಸಿ, ನಿಧಾನವಾಗಿ ಕೊರೆದೆವು. ಎಡಬದಿಯಲ್ಲಿ ಯುಎಸ್‌ಬಿ, ನೆಟ್‌ವರ್ಕ್ ಕಿಂಡಿಗಳಿಗೆ ಸುಮಾರು 159 ಮಿಲಿಮೀಟರ್ ಉದ್ದ, 45 ಮಿಲಿಮೀಟರ್ ಎತ್ತರದ ಒಂದು ಕಿಟಕಿ. ಹಿಂಬದಿಯಲ್ಲಿ ಎರಡು ಸಣ್ಣ ಫ್ಯಾನಿಗೆ ಎರಡು ಉರುಟು ತೂತು. ಉಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಿಟಕಿ ಕೊರೆದು ತುಂಡು ಕೆಳಗೆ ಬಿದ್ದಾಗ ಅದನ್ನು ಹೆಕ್ಕಿ ಒಳಗೆ ತೆಗೆದುಕೊಂಡು ಹೋದರು.

ಕರೆಂಟು ಹೊರಗೆ, ಬಿಸಿಯೂ ಹೊರಗೆ

ಕರೆಂಟಿನ ವಿಷಯದಲ್ಲಿ ನಾವು ಮೊದಲೇ ಒಂದು ತೀರ್ಮಾನ ಮಾಡಿದ್ದೆವು: 230 ವೋಲ್ಟ್ ಪೆಟ್ಟಿಯೊಳಗೆ ಬರಬಾರದು. ಹುಡುಗಿ ಕೈ ಹಾಕುವ ಯಂತ್ರ. ಹಾಗಾಗಿ ಡೆಸ್ಕ್‌ಟಾಪಿನ ಮಾಮೂಲಿ ಪವರ್ ಸಪ್ಲೈ ಬಿಟ್ಟು, ಹೊರಗೆ 12 ವೋಲ್ಟ್, 150 ವ್ಯಾಟಿನ ಅಡಾಪ್ಟರ್. ಒಳಗೆ ಬೋರ್ಡಿಗೆ ಚುಚ್ಚುವ ಸಣ್ಣ ಡಿಸಿ ಪವರ್ ಬೋರ್ಡ್. ಪ್ರೊಸೆಸರ್ ಜೋರಿನಲ್ಲಿ ಕೆಲಸ ಮಾಡುವಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ, ಪರದೆ, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿದರೂ 150ರೊಳಗೆ ಸುಧಾರಿಸುತ್ತದೆ. ಪರದೆಯ ಕಂಟ್ರೋಲರಿಗೂ 12 ವೋಲ್ಟೇ ಬೇಕಾದದ್ದು, ಹಾಗಾಗಿ ಅದೇ ಅಡಾಪ್ಟರಿನಿಂದ ಕೊಟ್ಟೆವು.

ಪವರ್ ಬಟನನ್ನು ಬೇಕೆಂದೇ ಒಳಗೆ, ಕೀಬೋರ್ಡಿನ ಮೇಲ್ಬದಿಯಲ್ಲಿ ಇಟ್ಟೆವು. ಹೊರಗಿದ್ದರೆ ಬ್ಯಾಗ್ ತಾಗಿ ಪೆಟ್ಟಿ ಮುಚ್ಚಿದಾಗಲೇ ಆನ್ ಆಗಿ, ಒಳಗೇ ಬಿಸಿಯಾದರೆ ಕಥೆ ಮುಗಿಯಿತು.

ಮೊದಲ ಸಲ ಆನ್ ಮಾಡಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಅರ್ಧ ಗಂಟೆ ಬಿಟ್ಟೆವು. ಈ ಪ್ರೊಸೆಸರಿಗೆ 95 ಡಿಗ್ರಿ ಕೊನೆಯ ಮಿತಿ. ನಮ್ಮದು 91ಕ್ಕೆ ಹೋಗಿ ನಿಂತಿತು. ನಮ್ಮ ಊರಿನ ಎಪ್ರಿಲ್ ಸೆಕೆಗೆ ಇದು ಸಾಲದು ಅನಿಸಿತು. ನೋಡಿದರೆ ಹಿಂದಿನ ಫ್ಯಾನ್‌ಗಳಲ್ಲಿ ಒಂದನ್ನು ತಿರುವುಮುರುವು ಹಾಕಿದ್ದೆವು! ಒಂದು ಗಾಳಿಯನ್ನು ಹೊರಗೆ ತಳ್ಳುತ್ತಿದ್ದರೆ ಇನ್ನೊಂದು ಅದನ್ನೇ ಒಳಗೆ ಎಳೆಯುತ್ತಿತ್ತು. ಸರಿಮಾಡಿದ ಮೇಲೆ 80ರ ಆಸುಪಾಸಿಗೆ ಇಳಿಯಿತು. ಗಾಳಿ ಒಳಬರುವ ಕಡೆ ಸೊಳ್ಳೆ ಬಲೆಯ ತುಂಡು ಅಂಟಿಸಿದ್ದೇವೆ, ಧೂಳು ತಡೆಯಲಿಕ್ಕೆ. ಕರಾವಳಿಯ ತೇವಕ್ಕೆ ಲೋಹದ ಕಾಲುಗಳು ಬೇಗ ತುಕ್ಕು ಹಿಡಿಯುತ್ತವೆ. ಊರಲ್ಲಿ ಇಡುವಾಗ ಸಿಲಿಕಾ ಜೆಲ್ ಪೊಟ್ಟಣ ಒಳಗೆ ಹಾಕಿ, ವಾರಕ್ಕೊಮ್ಮೆಯಾದರೂ ಆನ್ ಮಾಡುವುದು ಕ್ಷೇಮ.

ಬಂಟ್ವಾಳದಿಂದ ಬೆಂಗಳೂರಿಗೆ

ಅಡಾಪ್ಟರ್, ಕೀಬೋರ್ಡ್, ಮೌಸ್ ಎಲ್ಲ ಸೇರಿ ತೂಕ ಐದೂವರೆ ಕಿಲೋ. ಲ್ಯಾಪ್‌ಟಾಪಿಗಿಂತ ಭಾರವೇ, ಆಸ್ಬೋರ್ನಿನ ಅರ್ಧ. ರಾತ್ರಿಯ ರೈಲಿಗೆ ಬಂಟ್ವಾಳ ಸ್ಟೇಷನ್ನಿಗೆ ಬಿಟ್ಟು ಬಂದೆವು. ಪೆಟ್ಟಿಯ ನಂಬರ್ ಲಾಕಿನ ಮೂರು ಅಂಕೆ ಉಮ್ಮನಿಗೆ ಮಾತ್ರ ಗೊತ್ತಿದ್ದದ್ದು. ಅದನ್ನು ಅವರು ಸ್ಟೇಷನ್ನಿನಲ್ಲಿ ತಂಗಿಯ ಕಿವಿಯಲ್ಲಿ ಹೇಳಿದರು. ನಮಗೆ ಇವತ್ತಿಗೂ ಹೇಳಿಲ್ಲ. ಕೆಲಸ ಮಾಡುವಷ್ಟು ದಿನ ಅವರೇ ತೆರೆದು ಕೊಡುತ್ತಿದ್ದರು.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಫೋನ್. “ಕಾಕಾ, ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ.”

ನಮ್ಮ ಎದೆ ಧಸಕ್ ಅಂದಿತು. ಘಾಟಿಯ ರೈಲಿನಲ್ಲಿ ರಾತ್ರಿಯಿಡೀ ಕುಲುಕಿದೆ. ಮುಚ್ಚಳದ ಕೀಲಿನ ಹತ್ತಿರ ಎಚ್‌ಡಿಎಂಐ ಕೇಬಲ್ ಹಿಡಿದು ಮುರಿದಿರಬಹುದಾ? ಆದರೆ ಅಲ್ಲಿ ಒಂದು ಸುತ್ತು ಸಡಿಲ ಬಿಟ್ಟೇ ಕಟ್ಟಿದ್ದೆವು. ಬೆಂಗಳೂರಿಗೆ ಹೋಗಿ ಬರುವುದು ಅಂದರೆ ಎರಡು ದಿನದ ಕೆಲಸ ಕೆಡುತ್ತದೆ. ವಿಡಿಯೋ ಕಾಲ್ ಮಾಡು ಅಂದೆವು.

ಪ್ಲಗ್ ತೆಗೆಸಿದೆವು. ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟು ಖಾಲಿ ಮಾಡಿಸಿದೆವು. ಅಲ್ಯೂಮಿನಿಯಂ ತಟ್ಟೆಯನ್ನು ಒಮ್ಮೆ ಮುಟ್ಟಿ ಆಮೇಲೆ ಬೋರ್ಡಿಗೆ ಕೈ ಹಾಕು ಅಂದೆವು. ಮೇಲಿನ ಜಾಲರಿಯ ನಾಲ್ಕು ಸ್ಕ್ರೂ ಬಿಚ್ಚಿದಳು. ಟಾರ್ಚ್ ಹಿಡಿದದ್ದು ಪಕ್ಕದ ಕೋಣೆಯ ಹುಡುಗಿ. ನೋಡಿದರೆ ಎರಡು ರ‍್ಯಾಮ್ ಕಡ್ಡಿಗಳಲ್ಲಿ ಒಂದರ ಕೊಕ್ಕೆ ಬಿಟ್ಟಿತ್ತು, ಒಂದು ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ತೆಗೆದು, ಮತ್ತೆ ಕೂರಿಸಿ, ‘ಟಕ್’ ಅನ್ನುವಷ್ಟು ಒತ್ತಿದಳು. ಪರದೆ ಬಂತು. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಉಮ್ಮ ನಮ್ಮ ಹಿಂದೆಯೇ ನಿಂತಿದ್ದರು. “ಅವಳೇ ಸರಿ ಮಾಡಿದ್ದಾ?” ಅಂತ ಎರಡು ಸಲ ಕೇಳಿದರು.

ಅದಾದ ಮೇಲೆ ಅವಳು ನಮ್ಮನ್ನು ರಿಪೇರಿಗೆ ಕರೆದದ್ದಿಲ್ಲ. ಫ್ಯಾನ್ ಶಬ್ದ ಬಂದಾಗ ತಾನೇ ಧೂಳು ತೆಗೆದಳು. ಈಗ ವಾರಕ್ಕೊಮ್ಮೆ ಡ್ರಾಯಿಂಗ್‌ಗಳ ಪ್ರತಿಯನ್ನು ಬೇರೆ ಡ್ರೈವಿಗೆ ಹಾಕಿಡುತ್ತಾಳೆ. ಎಸ್‌ಎಸ್‌ಡಿ ತೆಗೆಯಲು ಬರುತ್ತದೆ ಅಂದಮಾತ್ರಕ್ಕೆ ಅದು ಹಾಳಾಗುವುದಿಲ್ಲ ಅಂತ ಅಲ್ಲವಲ್ಲ.

ಮಾಡಬೇಕು ಅನ್ನುವವರಿಗೆ

ಕೆಲವು ಮಾತು ಹೇಳಿಬಿಡುತ್ತೇವೆ. ಎಲ್ಲಾ ಭಾಗ ಹೊಸದಾಗಿ ಕೊಂಡರೆ ಇದರಲ್ಲಿ ಉಳಿತಾಯ ಇಲ್ಲ, ಒಂದು ಸಾಧಾರಣ ಲ್ಯಾಪ್‌ಟಾಪಿನ ದುಡ್ಡು ಹೋಗುತ್ತದೆ. ಹಳೆಯ ಪರದೆ, ಹಳೆಯ ರ‍್ಯಾಮ್ ಇದ್ದವರಿಗೆ ಮಾತ್ರ ಲಾಭ. ಬ್ಯಾಟರಿ ಇಲ್ಲ, ಕರೆಂಟು ಹೋದರೆ ಸೇವ್ ಮಾಡದ ಕೆಲಸ ಹೋಯಿತು. ಕ್ಲಾಸಿನಲ್ಲಿ ತೊಡೆಯ ಮೇಲೆ ಇಟ್ಟು ಬರೆಯುವವರಿಗೆ ಇದು ಆಗಲಿಕ್ಕಿಲ್ಲ. ವಿಮಾನದಲ್ಲಿ ಒಯ್ಯುವುದಾದರೆ ಸೆಕ್ಯೂರಿಟಿಯಲ್ಲಿ ತೆರೆದು ತೋರಿಸಲು, ವಿವರಿಸಲು ತಯಾರಿರಬೇಕು. ವೈರು ತುಂಬಿದ ಪೆಟ್ಟಿ ನೋಡಿದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ತಂಗಿಗೆ ರೈಲೇ ಸಾಕು.

ಭಾಗ ಕೊಳ್ಳುವ ಮೊದಲು ರಟ್ಟಿನಲ್ಲಿ ಮಾಡಿ ನೋಡಿ, ಎತ್ತರವನ್ನು ಎರಡು ಸಲ ಅಳೆಯಿರಿ. ಕರೆಂಟಿನ ಕೆಲಸ ಗೊತ್ತಿಲ್ಲದವರು 230 ವೋಲ್ಟಿನ ತಂಟೆಗೆ ಹೋಗಬೇಡಿ, ಹೊರಗಿನ ಅಡಾಪ್ಟರೇ ಸಾಕು. ಮುಖ್ಯವಾಗಿ, ಬಳಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಟ್ಟಿ. ನಾವು ಕಟ್ಟುವಾಗ ತಂಗಿ ರಜೆಯಲ್ಲಿ ಮನೆಯಲ್ಲೇ ಇದ್ದಳು, ಒಂದೊಂದು ಸ್ಕ್ರೂ ಎಲ್ಲಿದೆ ಅಂತ ನೋಡಿದ್ದಳು. ಅವಳಿಗೆ ತಿಳಿಸದೆ ಕಟ್ಟಿ ಕೊಟ್ಟಿದ್ದರೆ ಆವತ್ತು ಬೆಳಗ್ಗೆ ಅದು ಇನ್ನೊಂದು ಮುಚ್ಚಿದ ಲ್ಯಾಪ್‌ಟಾಪೇ ಆಗುತ್ತಿತ್ತು.

ಕಳೆದ ರಜೆಗೆ ಅವಳು ಬಂದಾಗ ಉಮ್ಮ ಪೆಟ್ಟಿ ಕೈಗೆ ತೆಗೆದುಕೊಂಡು, ಎಂದಿನಂತೆ ಬಟ್ಟೆಯಲ್ಲಿ ಒರೆಸಿದರು. ಬಿಸ್ಕೆಟ್ ಡಬ್ಬದ ಕ್ಯಾಸೆಟ್‌ಗಳನ್ನು ಈ ಕಂಪ್ಯೂಟರಿಗೆ ಹಾಕಲಿಕ್ಕೆ ಆಗುತ್ತದಾ ಅಂತ ಕೇಳಿದರು. ಆಗುತ್ತದೆ. ಒಂದು ಹಳೆಯ ಟೇಪ್‌ರೆಕಾರ್ಡರ್ ಬೇಕು, ಅದರ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಲೈನ್ ಇನ್ ಕಿಂಡಿಗೆ ಒಂದು ವೈರು ಬೇಕು. ನಡೆಯುವ ಟೇಪ್‌ರೆಕಾರ್ಡರ್ ನಾವು ಈಗ ಹುಡುಕುತ್ತಿದ್ದೇವೆ.